ಲೋಳೆಸರದ ಕಹಿ

ಲೂಜೈನಳ ಮೇಲಿನ ಮುಂಬಲ್ಲುಗಳು ಕೆಳಗಿನವನ್ನು ಮುಟ್ಟುತ್ತಿರಲಿಲ್ಲ. ಬಾಯಿ ಮುಚ್ಚಿದರೂ ನಡುವೆ ಹೆಬ್ಬೆರಳು ತೂರುವಷ್ಟು ಕಿಂಡಿ. ರೊಟ್ಟಿ ಕಚ್ಚಿ ಹರಿಯಲಾಗದ ಏಳು ವರ್ಷದ ಮಗಳಿಗೆ ರಾವಿಯಾ ತುಂಡು ಮಾಡಿ, ಬೇಯಿಸಿದ ಫೂಲ್ ಕಾಳಿನಲ್ಲಿ ಅದ್ದಿ, ತಾನೇ ತಿನ್ನಿಸುತ್ತಿದ್ದಳು.

"ಬೆಳೆಯೋ ವಯಸ್ಸು, ಈಗಲಾದ್ರೆ ಸುಲಭ," ಎಂದಿದ್ದರು ಮನ್ಸೂರಾ ಪೇಟೆಯ ದಂತವೈದ್ಯೆ. "ಬೆರಳು ಒಳಗೆ ಹೋಗದ ಹಾಗೆ, ನಾಲಿಗೆ ಮುಂದೆ ಬರದ ಹಾಗೆ ಅಂಗುಳಕ್ಕೊಂದು ತಂತಿ ಬೇಲಿ ಹಾಕ್ತೀನಿ. ಆದ್ರೆ ಮಗು ಒಪ್ಪಬೇಕು."

ಲೂಜೈನ್ ಹೆಬ್ಬೆರಳು ಚೀಪುತ್ತಲೇ ತಲೆಯಾಡಿಸಿ ಬೇಡವೆಂದಳು.

"ಬೇಲಿಯಂತೆ ಬೇಲಿ! ಅವಳೇನು ಮೇಕೆಯಾ?" ಮನೆಯಲ್ಲಿ ವಿಷಯ ಕೇಳಿದ ಅತ್ತೆ ಸನಿಯ್ಯಾ ಬಾಲ್ಕನಿಯ ಕುಂಡದಿಂದ ಲೋಳೆಸರದ ಎಲೆ ಮುರಿದು ತಂದರು. "ನಿನ್ನ ಗಂಡನಿಗೆ ಮೊಲೆ ಬಿಡಿಸಿದ್ದು ಇದರಲ್ಲೇ. ಒಂದು ಸಲ ನೆಕ್ಕಿದವನು ಮತ್ತೆ ಹತ್ತಿರ ಬರಲಿಲ್ಲ."

"ಅದಕ್ಕೇ ಇವತ್ತಿಗೂ ನಿಮ್ಮನ್ನ ಕಂಡ್ರೆ ದೂರ ದೂರ ಹೋಗ್ತಾರೆ, ಅತ್ತೆ."

ನಕ್ಕರೂ ರಾವಿಯಾ ಎಲೆ ತೆಗೆದುಕೊಂಡಳು. ಮಧ್ಯಾಹ್ನ ಮಲಗಿದ್ದ ಮಗಳ ಹೆಬ್ಬೆರಳಿಗೆ ಅದರ ಹಳದಿ ರಸ ಸವರಿದಳು.

ಎದ್ದ ಲೂಜೈನ್ ಅಳಲಿಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡು ಓಡಾಡಿದಳು. ಅತ್ತೆ ಗೆದ್ದವರಂತೆ ಕಣ್ಣು ಮಿಟುಕಿಸಿದರು.

ಊಟಕ್ಕೆ ಕೂತಾಗ ರಾವಿಯಾ ಎಂದಿನಂತೆ ರೊಟ್ಟಿಯ ತುಂಡನ್ನು ಮಗಳ ಬಾಯಿಗಿಟ್ಟಳು. ಲೂಜೈನ್ ಮುಖ ಕಿವುಚಿ ಉಗುಳಿದಳು. ತಾಯಿಯ ಕೈ ಹಿಡಿದು ಮೂಸಿದಳು. ಸೋಪಿನಲ್ಲಿ ತೊಳೆದಿದ್ದರೂ ಕಹಿ ಹೋಗಿರಲಿಲ್ಲ.

"ಅಮ್ಮ, ನಿನ್ನ ಕೈನೂ ಕೆಟ್ಟುಹೋಯ್ತಾ?" ಪಿಸುಗುಟ್ಟಿದಳು. "ನನ್ನ ಬೆರಳೂ ಕೆಟ್ಟಿದೆ. ಯಾರಿಗೂ ಹೇಳ್ಬೇಡ, ಕತ್ತರಿಸಿಬಿಡ್ತಾರೆ."

ರಾವಿಯಾ ಮಗಳ ಕಿವಿಯ ಬಳಿ ಬಾಗಿದಳು. "ಕೆಟ್ಟಿಲ್ಲ ಕಂದ. ನಾನೇ ಕಹಿ ಹಚ್ಚಿದ್ದು."

ಮಗಳು ಕೈ ಬಿಟ್ಟಳು.

ಬೆರಳು ಮತ್ತೆ ಬಾಯಿಗೆ ಹೋಯಿತು. ತಾಯಿ ಕೊಟ್ಟದ್ದನ್ನು ಮಾತ್ರ ಲೂಜೈನ್ ಮೊದಲು ಮೂಸಿ ಆಮೇಲೆ ತಿನ್ನತೊಡಗಿದಳು. ತುತ್ತಿನ ಮೇಲೆ ಬಾಗುವ ಆ ಪುಟ್ಟ ಮೂಗನ್ನು ಕಂಡಾಗಲೆಲ್ಲ ರಾವಿಯಾಳಿಗೆ ಹಲ್ಲಿನ ಚಿಂತೆಯೇ ಮರೆತುಹೋಗುತ್ತಿತ್ತು.

ಒಂದು ಬೆಳಗ್ಗೆ ಲೂಜೈನಳೇ ಕೇಳಿದಳು: "ಬೇಲಿ ಹಾಕಿಸ್ಕೊಂಡ್ರೆ ನಾನೇ ಕಚ್ಚಿ ತಿನ್ಬಹುದಾ? ನೀನು ತಿನ್ನಿಸೋದು ಬೇಡ್ವಾ?"

"ಬೇಡ," ಎಂದಳು ರಾವಿಯಾ. ಅಷ್ಟು ಹೇಳುವುದೇ ಕಷ್ಟವಾಯಿತು.

ವೈದ್ಯೆ ತಂತಿ ಕೂರಿಸಿದ, ಅಂಗುಳಕ್ಕೆ ಹೊಂದುವ ಗುಲಾಬಿ ಬಣ್ಣದ ಅಚ್ಚನ್ನು ಹಿಡಿದು ಬಂದಾಗ ಲೂಜೈನ್ ತುಟಿ ಬಿಗಿದಳು.

"ಇದಕ್ಕೂ ಕಹಿ ಹಚ್ಚಿದೀರಾ?"

"ಇಲ್ಲಮ್ಮ, ಯಾಕೆ ಹಚ್ಚಲಿ?"

"ಅಮ್ಮ ನೆಕ್ಕಿ ನೋಡ್ಲಿ."

ವೈದ್ಯೆ ಬೇಡ ಅನ್ನುವಷ್ಟರಲ್ಲಿ ರಾವಿಯಾ ತಂತಿಯನ್ನು ನಾಲಿಗೆಗೆ ಒತ್ತಿಕೊಂಡಿದ್ದಳು.

"ಇಬ್ಬರಿಗೂ ಒಂದೇ ತಂತಿನಾ? ಕೊಡಿ ಇಲ್ಲಿ, ಮತ್ತೆ ತೊಳೀಬೇಕು ಈಗ!"

ಲೂಜೈನ್ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಹುಬ್ಬು ನೋಡಿದಳು, ತುಟಿ ನೋಡಿದಳು. ಎಲ್ಲೂ ಸುಕ್ಕು ಕಾಣಲಿಲ್ಲ. ಮೆಲ್ಲಗೆ ಬಾಯಿ ತೆರೆದಳು.