ಹಗ್ಗ ಮುಟ್ಟಿದವರ ಪಾಲು

ಚೇತನಾ ಚಾಚಿದ ಪುಸ್ತಕವನ್ನು ಕುಸುಮಾವತಿ ಮುಟ್ಟಲಿಲ್ಲ.

"ಓದಿ ಆಯ್ತ್ ಮೇಡಂ. ಕೋಡಿ ಊರಗೆ ಎಲ್ಲರೂ ಓದಿ ಆಯ್ತ್."

ಕುಡಿತ, ಗಡಿ, ಶಿಕ್ಷೆ ಎಂದು ಈ ಮೂರರ ಬೆನ್ನು ಹತ್ತಿಯೇ ಇತಿಹಾಸದ ಪ್ರಾಧ್ಯಾಪಕಿ ಚೇತನಾಳ ತಲೆ ನರೆತಿತ್ತು. ಗೋವೆ ಇನ್ನೂ ಪರದೇಶವಾಗಿದ್ದಾಗ ಅಲ್ಲಿಂದ ದೋಣಿಯಲ್ಲಿ ಸಾರಾಯಿ ಕದ್ದು ತರುತ್ತಿದ್ದವರ ಕಥೆ ಅವಳ ಹೊಸ ಪುಸ್ತಕ. ಕುಸುಮಾವತಿಯ ಅಪ್ಪ ಶೀನ ಅವರಲ್ಲೊಬ್ಬ. ಸಿಕ್ಕಿಬಿದ್ದಾಗ ತಾನು ಪಾರಾಗಲು ಜೊತೆಗಾರರಿಬ್ಬರನ್ನು ಪೊಲೀಸರಿಗೆ ಹಿಡಿದುಕೊಟ್ಟಿದ್ದ. ಒಬ್ಬ ಜೈಲಿನಲ್ಲೇ ಸತ್ತ. ಹಿಡಿದುಕೊಟ್ಟವನು ಯಾರೆಂದು ಊರಿಗೆ ಗೊತ್ತಿರಲಿಲ್ಲ. ಅಪ್ಪ ಸಾಯುವಾಗ ಹೇಳಿದ್ದನ್ನು ಕುಸುಮಾವತಿ ಚೇತನಾಳನ್ನು ನಂಬಿ ಬಾಯಿಬಿಟ್ಟಿದ್ದಳು.

"ನಾನ್ ಹೆಸ್ರ್ ಬದ್ಲ್ ಮಾಡಿದ್ನಲೆ, ಕುಸುಮಕ್ಕ?"

"ಅಪ್ಪಯ್ಯನ್ ಹೆಸ್ರ್ ಬದ್ಲ್ ಮಾಡಿರಿ. ದೋಣಿ ಹೆಸ್ರ್ ಹಾಂಗೇ ಬಿಟ್ರಿ. ಇಲ್ಲ್ ನನ್ನ ಕುಸುಮ ಅಂದೇಳಿ ಯಾರ್ ಕರೀತ್ರ್? ಜಲದುರ್ಗಿ ಮನಿಯವ್ಳ್ ಅಂಬ್ರ್."

ಜಲದುರ್ಗಿ. ದೋಣಿಯದು ಚೆಂದದ ಹೆಸರೆಂದು ಚೇತನಾ ಅಧ್ಯಾಯದ ತಲೆಬರಹವನ್ನೂ ಅದನ್ನೇ ಮಾಡಿದ್ದಳು. ಶಿಕ್ಷೆಯ ಬಗ್ಗೆ ಊರೂರು ತಿರುಗಿ ಭಾಷಣ ಬಿಗಿದವಳಿಗೆ ಇದೊಂದು ಹೊಳೆದಿರಲಿಲ್ಲ.

"ಜನ ಎಂತ ಅಂದ್ರ್?" ಎಂದಳು ಚೇತನಾ.

"ಎಂತದೂ ಇಲ್ಲ. ಬೈದಿರೆ ಅಡ್ಡಿ ಇರ್ಲಿಲ್ಲ."

ಕಡಲ ದಂಡೆಯಿಂದ ಕೂಗು ಕೇಳಿಸಿತು. "ಹ್ವಾಯ್, ಬಲಿ ಎಳುಕೆ ಬನ್ನಿ!"

ಕುಸುಮಾವತಿ ಸೆರಗು ಸಿಕ್ಕಿಸಿ, ಬುಟ್ಟಿ ಎತ್ತಿಕೊಂಡು ಹೊರಟಳು. ಚೇತನಾ ಹಿಂದೆಯೇ ಹೋದಳು. ದಡದಲ್ಲಿ ನಿಂತು ಕೈಯಲ್ಲೇ ಎಳೆಯುವ ಕೈರಂಪಣಿ ಬಲೆಯ ಹಗ್ಗ ಹಿಡಿದವರಿಗೆಲ್ಲ ಮೀನಿನ ಪಾಲುಂಟು, ದಾರಿಹೋಕನೇ ಆಗಲಿ. ಇದು ಇಲ್ಲಿಯ ರೀತಿ. ಕುಸುಮಾವತಿ ಹಗ್ಗ ಹಿಡಿದಳು. ಯಾರೂ ಬೇಡ ಎನ್ನಲಿಲ್ಲ, ಅವಳತ್ತ ನೋಡಲೂ ಇಲ್ಲ. ಪಕ್ಕದವರು ಮಾತ್ರ ನಾಲ್ಕು ಹೆಜ್ಜೆ ಸರಿದು ನಿಂತರು. ಚೇತನಾಳಿಗೆ ತಡೆಯಲಾಗಲಿಲ್ಲ. ಪುಸ್ತಕವನ್ನು ಮರಳಿಗೆ ಹಾಕಿ, ಆ ಖಾಲಿ ಜಾಗದಲ್ಲಿ ನಿಂತು ತಾನೂ ಹಗ್ಗಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಬಲೆ ದಡಕ್ಕೆ ಬಂದಾಗಿತ್ತು.

ಪಾಲು ಹಾಕುವವನು ರತ್ನಾಕರ, ಜೈಲಿನಲ್ಲಿ ಸತ್ತವನ ಮೊಮ್ಮಗ. ಒಬ್ಬೊಬ್ಬರ ಮುಂದೆಯೂ ಬೂತಾಯಿ ಮೀನಿನ ರಾಶಿ ಸುರಿಯುತ್ತಾ ಬಂದ. ಕುಸುಮಾವತಿಯ ಬುಟ್ಟಿಯನ್ನು ದಾಟಿ, ಚೇತನಾಳ ಕಾಲ ಬಳಿ ಒಂದು ರಾಶಿ ಸುರಿದ.

"ಇದ್ ನಿಮ್ದ್ ಮೇಡಂ," ಎಂದ ಮರ್ಯಾದೆಯಿಂದಲೇ. "ಹಗ್ಗ ಮುಟ್ಟಿರಲ್ದಾ."

ಕುಸುಮಾವತಿ ಬುಟ್ಟಿಯ ಮರಳು ಕೊಡವಿದಳು. ಅದನ್ನು ಮಗುಚಿ ತಲೆಯ ಮೇಲಿಟ್ಟುಕೊಂಡು ಮನೆಯ ಕಡೆ ನಡೆದಳು. ಚೇತನಾಳ ಪಾದದ ಮೇಲೆ ಮೀನುಗಳು ಇನ್ನೂ ಒದ್ದಾಡುತ್ತಿದ್ದವು.