ಗೆರೆ ಬಿದ್ದ ಹೊಸ್ತಿಲು

ನಾನು ಒಂದು ಹೊಸ್ತಿಲು. ಮತ್ತಿಮರದ ದಿಮ್ಮಿಯಾಗಿ ದಾವಣಗೆರೆಯ ಸಾಮಿಲ್ಲಿಗೆ ಬಂದವನು, ಬಡಗಿಯ ಉಳಿಗೆ ಮೈಯೊಡ್ಡಿ ಹೊಸ್ತಿಲಾದೆ. ಪಾದ ನೋಡಿಯೇ ಬಂದವರ ಮನಸ್ಸು ಹೇಳಬಲ್ಲೆ ಎಂಬ ಜಂಬ ನನಗೆ ಮೊದಲಿನಿಂದಲೂ ಇದೆ.

ನನ್ನನ್ನು ಕೂರಿಸಿದ್ದು ಹಾಲೇಶಪ್ಪ, ಕೊಟ್ರಮ್ಮ ದಂಪತಿಯ ಮನೆಗೆ. ಮಕ್ಕಳಿರಲಿಲ್ಲ. ಅವನು ಹತ್ತಿ ಗಿರಣಿಯಲ್ಲಿ ಮೇಸ್ತ್ರಿ. ಅವಳು ಮೊದಲು ಬಾಡಿಗೆ ಮನೆಯಲ್ಲಿ, ಆಮೇಲೆ ಇಲ್ಲಿನ ಮುಂದಿನ ಕೋಣೆಯಲ್ಲಿ ರೊಟ್ಟಿ ಬಡಿದು ಖಾನಾವಳಿ ನಡೆಸುತ್ತಿದ್ದಳು. ಅವನೊಬ್ಬನ ಸಂಬಳ ನೋಡಿ ಬ್ಯಾಂಕಿನವರು ಸಾಲ ಕೊಡಲಿಲ್ಲ. ಹಾಗಾಗಿ ಖಾನಾವಳಿಯ ವರಮಾನವನ್ನೂ ತೋರಿಸಿ, ಮನೆಯನ್ನು ಇಬ್ಬರ ಹೆಸರಿಗೂ ನೋಂದಣಿ ಮಾಡಿಸಿದ್ದರು. ಗೃಹಪ್ರವೇಶದ ದಿನ ಹಾಲೇಶಪ್ಪ ನೆಂಟರ ಮುಂದೆ, "ಇವಳ ಹೆಸರು ಬ್ಯಾಂಕಿನೋರ ಸಮಾಧಾನಕ್ಕೆ ಅಷ್ಟೇ" ಎಂದು ನಕ್ಕ. ಕೊಟ್ರಮ್ಮನೂ ನಕ್ಕಳು. ನಾನೂ ಪೆದ್ದನಂತೆ ನಂಬಿದೆ.

ಗಿರಣಿ ಮುಚ್ಚಿತು. ಮನೆ ಮಾರಿ, ಅಣ್ಣನ ಜೊತೆ ಸೇರಿ ಕಲ್ಯಾಣಮಂಟಪ ಕಟ್ಟುತ್ತೇನೆಂದು ಹಾಲೇಶಪ್ಪ ಹಟ ಹಿಡಿದ. ಕೊಟ್ರಮ್ಮ ಒಪ್ಪಲಿಲ್ಲ, ಆ ಒಲೆ ಆರಿದರೆ ಅವಳಿಗೆ ಬೇರೆ ಆಸರೆ ಇರಲಿಲ್ಲ. ಮಾತಿಗೆ ಮಾತು ಬೆಳೆದು ಅವನು ಅಣ್ಣನ ಮನೆ ಸೇರಿದ. ಒಂದು ಬೆಳಿಗ್ಗೆ, ಕೊಳ್ಳುವವನನ್ನೂ ಅವನ ವಕೀಲರನ್ನೂ ಕರೆದುಕೊಂಡೇ ಬಂದ.

"ಸಾಮಾನು ಕಟ್ಕ. ತವರಿಗೆ ಬಿಟ್ಟು ಬರ್ತೀನಿ."

ಕೊಟ್ರಮ್ಮ ಒಳಬದಿಯಲ್ಲಿ ನಿಂತಿದ್ದಳು. ಅವಳ ಕಾಲ್ಬೆರಳುಗಳು ನನ್ನ ಅಂಚನ್ನು ಒತ್ತುತ್ತಿದ್ದವು. ನನಗೆ ಭಯವಾಯಿತು.

ವಕೀಲರು ಹೊರಗೇ ನಿಂತು ಕೇಳಿದರು: "ಅಮ್ಮಾ, ಪತ್ರದಲ್ಲಿ ನಿಮ್ಮ ಹೆಸರೂ ಇದೆ. ರುಜು ಹಾಕ್ತೀರಾ?"

"ಹಾಕದಿದ್ರೆ?"

"ಇಡೀ ಮನೆ ಮಾರೋಕಾಗಲ್ಲ. ಯಾರಿಗೆ ಎಷ್ಟು ಅಂತ ಪತ್ರದಲ್ಲಿ ಬರೆದಿಲ್ಲ. ಬೇರೆ ಪುರಾವೆ ಇಲ್ದಿದ್ರೆ ಸಮಪಾಲು."

ಹಾಲೇಶಪ್ಪ ಸಿಡುಕಿದ. "ಕಂತು ಕಟ್ಟಿದ್ದು ನಾನು."

"ನಿಮ್ಮ ಸಂಬಳ ಕಂತಿಗೆ ಹೋಗ್ತಿತ್ತು ಸರಿ. ನಾವು ಉಂಡಿದ್ದು ಯಾವ ದುಡ್ಡು?" ಎಂದಳು ಕೊಟ್ರಮ್ಮ. "ರುಜು ಹಾಕಲ್ರೀ."

ಕೊಳ್ಳಲು ಬಂದವನು ಚಪ್ಪಲಿ ಮೆಟ್ಟಿ ಹೊರಟೇಹೋದ.

ಅವನು ಮತ್ತೊಬ್ಬನನ್ನು ಕರೆತರುವ ಮೊದಲೇ ಕೊಟ್ರಮ್ಮ ಪಾಲು ಕೇಳಿ ಕೋರ್ಟಿಗೆ ಹೋದಳು. ಉಂಡ ದುಡ್ಡಿನ ಅವಳ ಆ ಮಾತೇ ಅಲ್ಲೂ ನಿಂತಿತು. ಅರ್ಧ ಅರ್ಧ ಎಂದು ತೀರ್ಪಾಯಿತು. ಆದರೆ ಯಾವ ಅರ್ಧ ಯಾರಿಗೆ? ಬೀದಿಬದಿಯ ಅರ್ಧ ತನಗೇ ಬೇಕೆಂದು ಹಾಲೇಶಪ್ಪ ಪಟ್ಟು ಹಿಡಿದ. ಹಿತ್ತಿಲ ಕಡೆಗೆ ಹೋದರೆ ಖಾನಾವಳಿಗೆ ಯಾರು ಬರುತ್ತಾರೆ? ಕೋರ್ಟಿನ ಕಮಿಷನರ್ ಟೇಪು ಹಿಡಿದು ಅಳೆಯುತ್ತಿದ್ದಾಗ ಕೊಟ್ರಮ್ಮ ಟೇಪಿನ ಹಿಂದೆಯೇ ನಡೆದಳು.

"ಉದ್ದಕ್ಕೆ ಸೀಳೋಣ. ಇಬ್ಬರಿಗೂ ಬೀದಿ ಸಿಗುತ್ತೆ," ಎಂದರು ಅವರು.

ಸುಣ್ಣದ ಗೆರೆ ನೇರವಾಗಿ ನನ್ನ ನಡುಬೆನ್ನಿನ ಮೇಲೆ ಬಿತ್ತು. ಅವಳ ಒಲೆ ಉಳಿಯಬೇಕಾದರೆ ನಾನು ಏಳಬೇಕಿತ್ತು. ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಗಾರೆಯವನು ಮೀಟಿದಾಗ ನಾನು ಹೆಚ್ಚು ಸತಾಯಿಸಲಿಲ್ಲ.

ಈಗ ನಡುವೆ ಗೋಡೆ, ಆಚೆಗೊಂದು ಈಚೆಗೊಂದು ಹೊಸ ಬಾಗಿಲು. ಕಿತ್ತ ಹೊಸ್ತಿಲನ್ನು ಯಾರೂ ಒಳಗೆ ಸೇರಿಸಲಿಲ್ಲ. ಪಕ್ಕದ ಸಂದಿಯಲ್ಲಿ, ನೀರಿನ ಸಂಪಿನ ಬಳಿ ಬಿದ್ದಿದ್ದೇನೆ. ಸಂದಿ, ಸಂಪು ಮಾತ್ರ ಇಬ್ಬರಿಗೂ ಸೇರಿದ್ದು. ನಾನೂ ಹಾಗೇ ಎಂದುಕೊಂಡಿದ್ದೇನೆ.

ನಿನ್ನೆ ಕೊಟ್ರಮ್ಮ ಕೊಡ ತುಂಬಿಕೊಳ್ಳುತ್ತಿದ್ದಾಗ, ಅಣ್ಣನ ಮನೆ ಬಿಟ್ಟು ಈಗ ಆಚೆಯ ಪಾಲಿನಲ್ಲಿರುವ ಹಾಲೇಶಪ್ಪ ಬಂದು ನಿಂತ. "ಊಟ ಆಗಿಲ್ಲ" ಎಂದ.

"ಖಾನಾವಳಿ ತೆಗ್ದೈತೆ," ಎಂದಳು ಅವಳು. "ಎಲ್ಲರ ಹಂಗೆ ಬರ್ರಿ."

ಅವನು ಬೀದಿಯಿಂದ ಸುತ್ತಿಬಂದು, ಅವಳ ಬಾಗಿಲ ಮುಂದೆ ಚಪ್ಪಲಿ ಬಿಟ್ಟು, ಒಳಗೆ ಕರೆಯುವವರೆಗೆ ಕಾದು ನಿಂತ.