ಹಿಮ ಕೂರದ ಗೆರೆ

ಜೇಕಿನ ಬುಡದ ಸತ್ತ ಎಲೆ ತೆಗೆಯಲು ಕತ್ತರಿ ಬೇಡ, ಬೆರಳು ಸಾಕು. ಎರಡೂ ಕೈಗಳ ಬೆರಳನ್ನು ಬುಡಕ್ಕೆ ತೂರಿಸಿ ಮೆಲ್ಲಗೆ ಮೇಲಕ್ಕೆಳೆದರೆ ಸತ್ತದ್ದು ಕೈಗೆ ಬರುತ್ತದೆ, ಬದುಕಿರುವುದು ಅಲ್ಲೇ ಉಳಿಯುತ್ತದೆ. ಹಿಂದಿನ ಕೋಣೆಯಲ್ಲಿ ಅತ್ತಿಗೆಯ ಕೂಸು ಮಲಗಿತ್ತು. ಅದು ಏಳಬಾರದೆಂದು ನಾನು ಸದ್ದಿಲ್ಲದೆ, ತಲೆ ಬಾಚಿದ ಹಾಗೆ, ಒಂದೊಂದೇ ಪೊದೆ ಬಾಚುತ್ತಾ ಬಂದೆ.

ಜೇಕೆಂದರೆ ತೇವದ ನೆಲದಲ್ಲಿ ಬೆಳೆಯುವ ಹುಲ್ಲಿನಂಥ ಗಿಡ, ಇವು ಕಂದು ಬಣ್ಣದವು. ಅಣ್ಣ ದಿನೇಶ್‌ಕುಮಾರ್ ಊಟಿಯ ನರ್ಸರಿಯಿಂದ ತಂದದ್ದು. ಕೆತ್ತಿ ಊರಿನ ಕೆಳಗಿರುವ ನಮ್ಮ ಹಟ್ಟಿಯಲ್ಲಿ, ಹಳೆಯ ಮನೆಯ ಬೆನ್ನಿಗೆ ಅವನು ಟೂರಿಸ್ಟ್‌ಗಳಿಗೆಂದು ಎರಡು ಕೋಣೆ ಕಟ್ಟಿಸಿದ್ದ. ಬಾಡಿಗೆಗೆ ಇನ್ನೂ ಯಾರೂ ಬಂದಿರಲಿಲ್ಲ. ಬೆಚ್ಚಗಿದೆಯೆಂದು ಅತ್ತಿಗೆ ತೇನ್ಮೊಳಿ ಕೂಸಿನ ಜೊತೆ ಅಲ್ಲಿ ಮಲಗುತ್ತಿದ್ದಳು. ಕೋಣೆಯ ಹಿಂದೆ ನೀರು ಜಿನುಗುವ ಜಾಗವೊಂದಿದೆ. ಅದರ ಸುತ್ತ ಜೇಕು ನೆಟ್ಟರೆ ಫೋಟೊಗೆ ಚೆನ್ನಾಗಿರುತ್ತದೆ ಎಂದು ಅಣ್ಣ ಹೇಳಿದ್ದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ನಮ್ಮ ತೋಟದಲ್ಲಿ ಟೀ ಎಲೆ ಕೀಳುತ್ತಿದ್ದೆ. ಜೇಕು ನೋಡಿಕೊಳ್ಳುವುದೂ ನನ್ನ ಪಾಲಿಗೆ ಬಂತು. ಮಾತು ಕಡಿಮೆಯೆಂದು ಅಣ್ಣ ನನ್ನನ್ನು ಮೂಗಿ ಎಂದೇ ಕರೆಯುತ್ತಾನೆ.

ಅವತ್ತು ಅವನು ಕತ್ತಿ ಹಿಡಿದು ಬಂದ.

"ಏ ಮೂಗಿ, ಸತ್ತ ಹುಲ್ಲಿಗೆ ಜಡೆ ಹಾಕ್ತಿದ್ದೀಯಾ? ಸರಿ ಆಚೆ."

"ಸತ್ತಿಲ್ಲಣ್ಣ. ಅದರ ಬಣ್ಣವೇ ಹಾಗೆ. ಕೊಯ್ಬೇಡ."

"ಟೀಗೆ ಕವಾತ್ತು ಮಾಡೋನಿಗೆ ನೀನು ಹೇಳ್ಕೊಡ್ತೀಯಾ? ಕತ್ತರಿಸಿದ್ರೆ ತಾನೇ ಚಿಗುರೋದು!"

ಟೀ ಗಿಡದ ತಲೆಯನ್ನು ಮಟ್ಟವಾಗಿ ಕಡಿಯುವುದನ್ನು ನಮ್ಮಲ್ಲಿ ಕವಾತ್ತು ಎನ್ನುತ್ತಾರೆ. ಅದೇ ಕೈಯಲ್ಲಿ ಅಣ್ಣ ಎಲ್ಲ ಪೊದೆಗಳನ್ನೂ ನೆಲಮಟ್ಟಕ್ಕೆ ಕೊಯ್ದ. ಟೀ ಆಗಿದ್ದರೆ ಚಿಗುರುತ್ತಿತ್ತು. ಜೇಕು ಚಿಗುರಲಿಲ್ಲ. ಐಪಸಿ ತಿಂಗಳ, ಅಂದರೆ ಅಕ್ಟೋಬರ್ ಕೊನೆಯ, ಮಳೆಗೆ ಬುಡಗಳು ಕೊಳೆತುಹೋದವು.

ಮಳೆ ಕಡಿಮೆಯಾದ ಮೇಲೆ ಅಲ್ಲಿ ಬೇರೆ ಏನೋ ಮೊಳೆಯಿತು. ಹಸಿರು, ಸಪೂರ. ದಂಟನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದೆ. ಹುಲ್ಲಾದರೆ ದುಂಡಗೆ ಉರುಳುತ್ತದೆ. ಇದಕ್ಕೆ ಮೂರು ಅಂಚು. ಜೇಕೇ, ಆದರೆ ನಾವು ನೆಟ್ಟದ್ದಲ್ಲ.

ಅಣ್ಣನಿಗೆ ಖುಷಿ. "ನೋಡು, ಕವಾತ್ತಿನ ಗುಣ!"

"ಕಂದು ಹೋಗಿ ಹಸಿರು ಬಂತಾ?" ಅತ್ತಿಗೆ ನಕ್ಕಳು. "ನಿಮ್ಮ ತಲೆಗೂ ಒಂದ್ಸಲ ಮಾಡಿಸ್ಕೊಳ್ಳಿ, ನರೆ ಹೋಗ್ಲಿ."

ಹಸಿರು ಜೇಕು ನೀರಿನ ಜಾಗದಲ್ಲೇ ನಿಲ್ಲಲಿಲ್ಲ. ಅಂಚಿಗಿಟ್ಟ ಕಲ್ಲು ದಾಟಿತು. ಆಮೇಲೆ ಅಂಗಳದಲ್ಲಿ, ಒಂದರ ಮುಂದೆ ಒಂದು, ಮನೆಯ ಕಡೆಗೇ ಬಂತು. ಕಿತ್ತರೆ ಬೇರಿನ ಜೊತೆ ಕಪ್ಪು ಕೆಸರು ಬರುತ್ತಿತ್ತು. ಗುಂಡಿಯಲ್ಲಿ ತಕ್ಷಣ ನೀರು ತುಂಬುತ್ತಿತ್ತು. ನಾನು ಅಲುಗದೆ ಕೂತಿದ್ದರೂ ಆ ನೀರು ನಡುಗುತ್ತಿತ್ತು. ಕಿತ್ತ ಕಡೆ ಮತ್ತೆ ಬರುತ್ತಿರಲಿಲ್ಲ, ಅದರ ಮುಂದೆ ಬರುತ್ತಿತ್ತು.

ಡಿಸೆಂಬರ್ ಕೊನೆಗೆ, ಮಾರ್ಗಳಿ ತಿಂಗಳಲ್ಲಿ, ಹಿಮ ಬಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಅಂಗಳವೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ. ನೀರಿನ ಜಾಗದಿಂದ ಹಿಂದಿನ ಕೋಣೆಯ ಗೋಡೆಯವರೆಗೆ ಮಾತ್ರ ಒಂದು ಗೆರೆಯಲ್ಲಿ ಹಿಮ ಕೂತಿರಲಿಲ್ಲ. ಒದ್ದೆ ಬಟ್ಟೆಯಲ್ಲಿ ಯಾರೋ ನಡೆದುಹೋದಂತೆ ಕಾಣುತ್ತಿತ್ತು. ಗೆರೆಯ ಮೇಲೆ ಜೇಕುಗಳು ನಿಂತಿದ್ದವು. ಗಾಳಿಯಿರಲಿಲ್ಲ. ಆದರೂ ಎಲ್ಲದರ ತುದಿ ಗೋಡೆಯ ಕಡೆ ಬಾಗಿತ್ತು.

ನಾನು ಹೋಗಿ ಹೆತ್ತೆಯನ್ನು ಕರೆತಂದೆ. ಹೆತ್ತೆ ಅಂದರೆ ನಮ್ಮ ಅಜ್ಜಿ, ನಂಜಿ. ಅವಳು ಗೆರೆಯ ಮೇಲೆ ಕಾಲಿಡದೆ ಬದಿಯಲ್ಲೇ ನಿಂತಳು.

"ಇಲ್ಲಿ ಜವುಗು ಇತ್ತು, ಕೂಸೇ. ಎಮ್ಮೆ ಮೇಯ್ತಿದ್ವು. ನಿಮ್ಮಣ್ಣ ಮಣ್ಣು ತುಂಬಿಸಿ ಮುಚ್ದ. ಬೇಡ ಅಂದೆ, ನಕ್ಕ."

"ಈ ಜೇಕು ಆವಾಗ್ಲೂ ಇತ್ತಾ?"

"ಇತ್ತು. ಇದು ನಿಂತ ಕಡೆ ಎಮ್ಮೆ ಕಾಲಿಡ್ತಿರಲಿಲ್ಲ. ಒಂದು ಕರು ಇಟ್ಟಿತು. ನಾವು ಹಗ್ಗ ತರೋಷ್ಟರಲ್ಲಿ ಮೇಲೆ ಹುಲ್ಲು ಕೂಡ್ಕೊಂಡಿತ್ತು. ಕೊರಳ ಗಂಟೆ ಮಾತ್ರ ಸ್ವಲ್ಪ ಹೊತ್ತು ಕೇಳಿಸ್ತು."

"ಎಲ್ಲಿಂದ?"

"ಕೆಳಗಿಂದ."

ಅವತ್ತು ಸಂಜೆ ಹಿಂದಿನ ಕೋಣೆಯ ಬಾಗಿಲು ಹಾಕಲು ಆಗಲಿಲ್ಲ. ಚೌಕಟ್ಟು ಓರೆಯಾಗಿತ್ತು. ಮರ ಉಬ್ಬಿದೆ ಎಂದ ಅಣ್ಣ. ನಾನು ಗುಡಿಸುವ ನೆಪದಲ್ಲಿ ಮಂಚದ ಅಡಿಗೆ ತೂರಿದೆ. ನೆಲವೂ ಗೋಡೆಯೂ ಸೇರುವಲ್ಲಿ ಬಿರುಕು ಬಿಟ್ಟಿತ್ತು. ಅದರಲ್ಲಿ ಒಂದು ದಂಟು, ಬೆಳಕು ಕಾಣದೆ ಬಿಳಿಚಿಕೊಂಡು, ಕೂಸು ಮಲಗುವ ಜಾಗದ ನೇರ ಕೆಳಗೆ ನಿಂತಿತ್ತು. ಬೆರಳಲ್ಲಿ ಹೊರಳಿಸಿದೆ. ಮೂರು ಅಂಚು. ಸಿಮೆಂಟಿಗೆ ಕಿವಿಯಿಟ್ಟೆ. ಆಳದಲ್ಲಿ ಏನೋ ಗುಳಕ್ ಎಂದು ಕುಳಿತುಕೊಂಡಿತು. ಸ್ವಲ್ಪ ಬಿಟ್ಟು ಮತ್ತೆ.

ದಂಟನ್ನು ಕಿತ್ತು ಮುಂದಿರುವ ಹಳೆಯ ಮನೆಗೆ ತಂದೆ. ಎಲ್ಲರೂ ಟೀ ಕುಡಿಯುತ್ತಿದ್ದರು. ಹೊರಗೆ ಮಂಜು ಇಳಿದು ಮಳೆ ಶುರುವಾಗಿತ್ತು. ಟಿವಿಯಲ್ಲಿ ಇನ್ನೂ ಜೋರು ಮಳೆಯೆಂದು ಹೇಳುತ್ತಿದ್ದರು. ನಾನು ದಂಟನ್ನು ಅಣ್ಣನ ಮುಂದಿಟ್ಟೆ.

"ಇದು ಅತ್ತಿಗೆ ಮಂಚದ ಕೆಳಗೆ ಬೆಳೆದಿದೆ. ಕೆಳಗೆ ನೆಲ ಕುಸೀತಿದೆಯಣ್ಣ, ನಾನು ಕೇಳಿಸ್ಕೊಂಡೆ."

"ಗೆಸ್ಟ್‌ಗಿಂತ ಮುಂಚೆ ಹುಲ್ಲೇ ಬಂತಾ?" ಅವನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಬಾಡಿಗೆ ಕೇಳು."

ಅತ್ತಿಗೆ ನಗುತ್ತಲೇ ಕೂಸನ್ನು ಎತ್ತಿಕೊಂಡು ಎದ್ದಳು. "ಸೆರಿ, ನಾವು ಮಲಗ್ತೀವಿ. ಇಲ್ಲಿ ಚಳಿ."

ಅವಳು ಹಿಂಬಾಗಿಲು ತಲುಪಿದಾಗ ಆ ಸದ್ದು ಮತ್ತೆ ಬಂತು. ಈ ಸಲ ಕಿವಿಯಿಡುವುದು ಬೇಕಾಗಲಿಲ್ಲ. ಅದರ ಹಿಂದೆಯೇ, ತೀರಾ ಸಣ್ಣದಾಗಿ, ಗಂಟೆಯೊಂದು ಅಲುಗಿದ ಹಾಗೆ ಕೇಳಿಸಿತು. ಹೆತ್ತೆಯ ಕೈಯ ಲೋಟ ಬಾಯಿಯ ಹತ್ತಿರವೇ ನಿಂತಿತು. ಅಣ್ಣ ಟಿವಿಯ ಸದ್ದು ಹೆಚ್ಚು ಮಾಡಿದ. ಅತ್ತಿಗೆ ಹೊಸ್ತಿಲ ಮೇಲೆ ನಿಂತಿದ್ದಳು, ಬೆನ್ನು ನಮ್ಮ ಕಡೆಗೆ. ಕೂಸು ಅವಳ ಹೆಗಲ ಮೇಲಿಂದ ಕತ್ತು ತಿರುಗಿಸಿ ನೆಲವನ್ನೇ ನೋಡುತ್ತಿತ್ತು.

"ಅತ್ತಿಗೆ," ಎಂದೆ, "ಇವತ್ತು ಕೂಸಿನ ಜೊತೆ ಇಲ್ಲೇ ಮಲಗಿ."

ಅವಳ ಒಂದು ಕಾಲು ಹೊಸ್ತಿಲ ಆಚೆ ಇತ್ತು.

"ಇಲ್ಲೇ ಮಲಗಿ, ಅತ್ತಿಗೆ."